ಹಲ್ಲೊಳಗೆ ಇನ್ನೊಂದು ಹಲ್ಲು: ಮಕ್ಕಳ ವಿಕಾರ ಹಲ್ಲಿಗೆ ರೂಟ್ ಕೆನಾಲ್ ಮಾಡುವ ಬಗೆ

ಸೇಡಂ ಕಡೆಯ ಹಳ್ಳಿಯೊಂದರಿಂದ ರೈತರೊಬ್ಬರು ಹತ್ತು ವರ್ಷದ ಮಗಳನ್ನು ಕರಕೊಂಡು ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಬಂದರು. ಮೇಲಿನ ಸಾಲಿನ ಎಡಗಡೆ, ನಡು ಹಲ್ಲಿನ ಪಕ್ಕದ ಹಲ್ಲಿಗೆ ಸೇರಿದ ವಸಡಿನ ಮೇಲೆ ಸಾಬೂದಾಣಿಯಷ್ಟು ಗುಳ್ಳೆ. ಒತ್ತಿದರೆ ಕೀವು. "ಹುಳ ಹತ್ತಿಲ್ರಿ, ಎಲ್ಲೂ ಬಿದ್ದಿಲ್ರಿ. ಹಲ್ಲು ನೋಡಿದ್ರ ಛಲೋನೇ ಅದ. ಕೀವು ಎಲ್ಲಿಂದ ಬಂತ್ರಿ?" ಎಂದು ಕೇಳಿದರು. ಊರಲ್ಲಿ ಯಾರೋ ಕಿತ್ತಿಸಿಬಿಡು ಅಂದಿದ್ದರಂತೆ.

ಕನ್ನಡಿ ಹಿಡಿದು ಹಲ್ಲಿನ ಹಿಂಬದಿ ನೋಡಿದೆ. ಪಕ್ಕದ ಹಲ್ಲುಗಳಿಗಿಂತ ಅದು ಸ್ವಲ್ಪ ದಪ್ಪ, ತುಸು ಮೊಳೆಯ ಆಕಾರ. ಹಿಂದೆ, ವಸಡಿನ ಹತ್ತಿರ ಸೂಜಿ ಚುಚ್ಚಿದಷ್ಟು ಒಂದು ಕುಳಿ. ಕೀವಿನ ಮೂಲ ಆ ಕುಳಿ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಅದರ ಹೊರಪದರ ಒಳಕ್ಕೆ ಮಡಚಿಕೊಂಡು ಚೀಲದಂತೆ ಇಳಿದಿರುತ್ತದೆ. ನಮ್ಮ ಪುಸ್ತಕದ ಭಾಷೆಯಲ್ಲಿ ಇದು ಡೆನ್ಸ್ ಇನ್ವ್ಯಾಜಿನೇಟಸ್. ಎಕ್ಸ್‌ರೇಯಲ್ಲಿ ಹಲ್ಲೊಳಗೆ ಇನ್ನೊಂದು ಪುಟ್ಟ ಹಲ್ಲು ಕೂತ ಹಾಗೆ ಕಾಣುತ್ತದೆ. ಆ ಚೀಲದ ಗೋಡೆಯಲ್ಲಿ ಎನಾಮಲ್ ಎಂಬ ಗಟ್ಟಿ ಪದರ ಎಷ್ಟೋ ಕಡೆ ಕಾಗದದಷ್ಟು ತೆಳು, ಕೆಲವೆಡೆ ಇರುವುದೇ ಇಲ್ಲ. ಹಲ್ಲು ಬಾಯಿಗೆ ಮೂಡಿದ ಮರುದಿನದಿಂದಲೇ ಊಟ, ಉಗುಳು, ಬ್ಯಾಕ್ಟೀರಿಯಾ ಎಲ್ಲ ಆ ಚೀಲದೊಳಗೆ ಇಳಿಯುತ್ತವೆ. ಹೊರಗೆ ಹುಳುಕಿನ ಗುರುತಿಲ್ಲದೆಯೇ ಒಳಗಿನ ತಿರುಳು (ನರ, ರಕ್ತನಾಳ ಇರುವ ಮೆತ್ತನೆಯ ಭಾಗ) ಸಾಯುತ್ತದೆ.

ತಾಲ್ಲೂಕು ಊರುಗಳಲ್ಲಿ ಒಬ್ಬರೇ ಕ್ಲಿನಿಕ್ ನಡೆಸುವ ಕಿರಿಯ ದಂತವೈದ್ಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸುರಪುರದಲ್ಲೋ ಔರಾದದಲ್ಲೋ ಕೂತವರಿಗೆ ಇಂಥ ಹಲ್ಲು ವರ್ಷಕ್ಕೊಂದೆರಡು ಬಾರಿ ಎದುರಾಗುತ್ತದೆ, ಮತ್ತು ಎದುರಾದಾಗ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ಅಪ್ಪ ಅಮ್ಮಂದಿರು ಓದಿದರೂ ಬಹುಪಾಲು ಅರ್ಥವಾಗುವಂತೆ ಬರೆದಿದ್ದೇನೆ, ಆದರೆ ಇದು ಮನೆಮದ್ದಿನ ವಿಷಯವಲ್ಲ.

ಡ್ರಿಲ್ ಮುಟ್ಟುವ ಮೊದಲು

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಓದು ಮುಗಿಸಿದ ಹೊಸದರಲ್ಲಿ ಬೇರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದೆ. ಹನ್ನೆರಡು ವರ್ಷದ ಹುಡುಗ, ಇದೇ ಹಲ್ಲು, ಇದೇ ಥರ ಕೀವು. ಕೀವು ಇದೆ ಅಂದಮೇಲೆ ತಿರುಳು ಸತ್ತಿದೆ ಎಂದು ನನ್ನ ಲೆಕ್ಕ. ಜೀವ ಇದೆಯೋ ಇಲ್ಲವೋ ಎಂದು ಪರೀಕ್ಷೆಯನ್ನೂ ಮಾಡದೆ ಹಲ್ಲು ಕೊರೆದೆ. ಕೆಂಪು ರಕ್ತ ಚಿಮ್ಮಿತು, ಹುಡುಗ ಕುರ್ಚಿಯಿಂದ ಎದ್ದೇ ಬಿಟ್ಟ. ಚುಚ್ಚುಮದ್ದು ಕೊಟ್ಟು ಆ ಜೀವಂತ ತಿರುಳನ್ನು ತೆಗೆದು ರೂಟ್ ಕೆನಾಲ್ ಮುಗಿಸಿದೆ. ತಿಂಗಳಾದರೂ ಗುಳ್ಳೆ ಹೋಗಲಿಲ್ಲ. ಆಮೇಲೆ ಎಕ್ಸ್‌ರೇಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರೆ ಪಕ್ಕದಲ್ಲೇ ಇನ್ನೊಂದು ದಾರಿ, ನೇರ ಬೇರಿನ ಬದಿಗೆ ಹೋಗಿ ತೆರೆದುಕೊಂಡಿತ್ತು. ಕೊಳೆತಿದ್ದು ಅದು. ನಾನು ತೆಗೆದದ್ದು ಆರೋಗ್ಯವಾಗಿದ್ದ ತಿರುಳು.

ಬೀದರ್‌ನ ನೌಬಾದ್ ಕಡೆಯ ಸುರಂಗ ಬಾವಿ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಮೇಲೆ ಒಂದು ಬಾಯಿ, ಕೆಳಗೆ ನೆಲದೊಳಗೇ ನೀರಿನ ದಾರಿ, ನೀರು ಹೊರಬರುವುದು ಮತ್ತೆಲ್ಲೋ. ಬಾಯಿ ಕಂಡಲ್ಲೇ ನೀರು ಸಿಗುತ್ತದೆ ಎಂದು ಅಗೆದವ ಮೋಸಹೋಗುತ್ತಾನೆ. ಇಂಥ ಹಲ್ಲಿನಲ್ಲಿ ಎರಡು ದಾರಿ ಇರಬಹುದು: ಒಂದು ತಿರುಳಿನದು, ಇನ್ನೊಂದು ಒಳಮಡಚಿದ ಚೀಲದ್ದು. ಒಂದು ಸತ್ತು ಇನ್ನೊಂದು ಬದುಕಿರಬಹುದು. ಯಾವುದು ಸತ್ತಿದೆ ಎಂದು ಖಾತ್ರಿಯಾಗುವ ತನಕ ಬರ್ (ಡ್ರಿಲ್‌ನ ಕೊರೆಯುವ ಮೊನೆ) ಕೈಗೆತ್ತಿಕೊಳ್ಳಬೇಡಿ.

ಹೊರಗಿನಿಂದ ಗುರುತಿಸುವ ಲಕ್ಷಣಗಳು ಕೆಲವೇ. ಮೊಳೆಯಂಥ ಅಥವಾ ಪೀಪಾಯಿಯಂಥ ಮೇಲ್ಸಾಲಿನ ಪಕ್ಕದ ಬಾಚಿಹಲ್ಲು, ಹಿಂಬದಿಯಲ್ಲಿ ಆಳದ ಕುಳಿ, ಎರಡೂ ಬದಿಯ ಹಲ್ಲುಗಳ ಗಾತ್ರದಲ್ಲಿ ವ್ಯತ್ಯಾಸ. ಕುಳಿ ಅನುಮಾನವೆನಿಸಿದರೆ ಮೆಥಿಲೀನ್ ಬ್ಲೂ ಒಂದು ಹನಿ ಹಚ್ಚಿ ಒರೆಸಿ. ಕುಳಿಯ ಬಾಯಲ್ಲಿ ನೀಲಿ ಉಳಿಯುತ್ತದೆ. ನಮ್ಮ ಕಡೆ ಒಂದು ತೊಡಕಿದೆ. ಯಾದಗಿರಿ, ಕಲಬುರಗಿಯ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಗುಂಡಿ ಸಾಮಾನ್ಯ. ಆ ಗುಂಡಿಗಳ ನಡುವೆ ಈ ಕುಳಿಯೂ ಫ್ಲೋರೋಸಿಸ್ ಅನ್ನಿಸಿಕೊಂಡು ಪಾರಾಗಿಬಿಡುತ್ತದೆ. ಫ್ಲೋರೋಸಿಸ್ ಕಲೆ ಒಂದೇ ಕಾಲಕ್ಕೆ ಬೆಳೆದ ಎಡಬಲದ ಹಲ್ಲುಗಳೆರಡರ ಮೇಲೂ, ಹೆಚ್ಚಾಗಿ ಎದುರುಮುಖದಲ್ಲೇ ಎದ್ದು ಕಾಣುತ್ತದೆ. ಇದು ಹಿಂಬದಿಯ ಒಂದು ಬಿಂದು.

ಎಕ್ಸ್‌ರೇಯನ್ನು ಓದುವುದು

ಎರಡು ಎಕ್ಸ್‌ರೇ ತೆಗೆಯಿರಿ: ಒಂದು ನೇರ, ಇನ್ನೊಂದು ಟ್ಯೂಬನ್ನು ಪಕ್ಕಕ್ಕೆ ಸರಿಸಿ. ಒಂದೇ ಚಿತ್ರದಲ್ಲಿ ಎರಡು ದಾರಿಗಳು ಒಂದರ ಮೇಲೊಂದು ಕೂತು ಒಂದೇ ಎನ್ನಿಸುತ್ತವೆ. ಗುಳ್ಳೆಯ ಬಾಯಿ ತೆರೆದಿದ್ದರೆ ಅದರೊಳಗೆ 25ನೇ ನಂಬರಿನ ಗಟ್ಟಾಪರ್ಚಾ (ನಾಳ ತುಂಬುವ ರಬ್ಬರಿನಂಥ ವಸ್ತು) ಕಡ್ಡಿ ಮೆಲ್ಲಗೆ ತೂರಿಸಿ ಇನ್ನೊಂದು ಚಿತ್ರ ತೆಗೆಯಿರಿ. ಕಡ್ಡಿ ಬೇರಿನ ತುದಿಗೆ ಹೋಗಿ ನಿಂತಿತೋ, ಬೇರಿನ ಬದಿಗೆ ಹೋಗಿ ನಿಂತಿತೋ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಚಿತ್ರದಲ್ಲಿ ಹುಡುಕಬೇಕಾದದ್ದು ಎನಾಮಲ್‌ನ ಬಿಳಿ ಗೆರೆ. ಅದು ಹಲ್ಲಿನೊಳಗೆ ಹನಿಯಾಕಾರದಲ್ಲಿ ಇಳಿದಿರುತ್ತದೆ. ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ಓಲರ್ಸ್ ಎಂಬ ದಂತವಿಜ್ಞಾನಿ 1957ರಲ್ಲಿ ಮಾಡಿದ ವಿಂಗಡಣೆಯೇ ಇವತ್ತಿಗೂ ನಮಗೆ ಆಧಾರ. ಮೊದಲನೇ ಬಗೆಯಲ್ಲಿ ಚೀಲ ಹಲ್ಲಿನ ತಲೆಭಾಗದೊಳಗೇ ಮುಗಿಯುತ್ತದೆ. ಎರಡನೆಯದರಲ್ಲಿ ವಸಡಿನ ಗೆರೆ ದಾಟಿ ಬೇರಿನೊಳಕ್ಕೆ ಇಳಿಯುತ್ತದೆ, ಆದರೆ ಕೊನೆಗೆ ಕುರುಡು ಚೀಲವಾಗಿಯೇ ನಿಲ್ಲುತ್ತದೆ. ಮೂರನೆಯದು ಬೇರನ್ನು ತೂರಿಕೊಂಡು ಬದಿಯಲ್ಲಿ ಅಥವಾ ತುದಿಯಲ್ಲಿ ಹೊರಗೆ ತೆರೆದುಕೊಳ್ಳುತ್ತದೆ. ಸಾಮಾನ್ಯವಾಗಿ ತಿರುಳಿಗೂ ಅದಕ್ಕೂ ಸಂಪರ್ಕವೇ ಇರುವುದಿಲ್ಲ. ನಾನು ಕೆಡಿಸಿದ ಹುಡುಗನದು ಮೂರನೇ ಬಗೆ. (ಮನುಷ್ಯನ ಹಲ್ಲಿನಲ್ಲಿ ಇದನ್ನು 1856ರಲ್ಲಿ ವಿವರಿಸಿದ ದಂತವೈದ್ಯನ ಹೆಸರು ಸಾಕ್ರಟಿಸ್. ಮೊದಲು ಪ್ರಶ್ನೆ ಕೇಳು, ಆಮೇಲೆ ಕೊರೆ ಎನ್ನಲು ಇದಕ್ಕಿಂತ ಒಳ್ಳೆ ಹೆಸರು ಬೇಕೆ?)

ಮೂರನೇ ಬಗೆ ಎನ್ನುವ ಅನುಮಾನ ಬಂದರೆ ಚಿಕ್ಕ ವ್ಯಾಪ್ತಿಯ ಸಿಬಿಸಿಟಿ (ಹಲ್ಲು, ದವಡೆಯ ಮೂರು ಆಯಾಮದ ಸ್ಕ್ಯಾನ್) ಮಾಡಿಸಿ. ಮಗುವಿಗೆ ವಿಕಿರಣ ಕಡಿಮೆ ತಾಗಬೇಕು, ಹಾಗಾಗಿ ಇಡೀ ದವಡೆಯದು ಬೇಡ, ಆ ಎರಡು ಮೂರು ಹಲ್ಲುಗಳದ್ದು ಸಾಕು. ಮೊದಲನೇ ಬಗೆಗೆ ಬಹುತೇಕ ಬೇಕಾಗುವುದೇ ಇಲ್ಲ. ಸಿಬಿಸಿಟಿ ಸಿಗದ ಕಡೆ ಮೂರನೇ ಬಗೆಯ ಹಲ್ಲಿಗೆ ಕೈ ಹಾಕುವುದಕ್ಕಿಂತ ಕಲಬುರಗಿ, ಬೀದರ್‌ನ ದಂತ ಕಾಲೇಜುಗಳಿಗೋ ರೂಟ್ ಕೆನಾಲ್ ತಜ್ಞರ ಹತ್ತಿರವೋ ಕಳಿಸುವುದು ಮೇಲು. ಕಳಿಸಿದರೆ ಮಾನ ಹೋಗುವುದಿಲ್ಲ.

ಅದೇ ಚಿತ್ರದಲ್ಲಿ ಇನ್ನೊಂದು ವಿಷಯ ನೋಡಿ: ಬೇರು ಬೆಳೆದು ಮುಗಿದಿದೆಯೇ? ಮೇಲಿನ ಪಕ್ಕದ ಬಾಚಿಹಲ್ಲು 8-9 ವರ್ಷಕ್ಕೆ ಮೂಡುತ್ತದೆ, ಬೇರು ಪೂರ್ತಿಯಾಗುವುದು 10-11ಕ್ಕೆ. ಬೇರನ್ನು ಕಟ್ಟುವುದು ತಿರುಳೇ. ಒಂಬತ್ತಕ್ಕೆ ತಿರುಳು ಸತ್ತರೆ ಬೇರಿನ ಗೋಡೆ ತೆಳುವಾಗಿ, ತುದಿ ಕಹಳೆಯ ಬಾಯಿಯಂತೆ ತೆರೆದೇ ಉಳಿಯುತ್ತದೆ. ಸೇಡಂ ಕಡೆಯ ಹುಡುಗಿಯದು ಹಾಗೇ ಆಗಿತ್ತು. ಎರಡನೇ ಬಗೆಯ ಚೀಲ, ಸತ್ತ ತಿರುಳು, ತೆರೆದ ತುದಿ, ತುದಿಯ ಸುತ್ತ ಎಲುಬು ಕರಗಿದ ಕಪ್ಪು ನೆರಳು.

ಜೀವ ಪರೀಕ್ಷೆ

ಬೇರು ಬೆಳೆಯುತ್ತಿರುವ ಹಲ್ಲಿನಲ್ಲಿ ಎಲೆಕ್ಟ್ರಿಕ್ ಪಲ್ಪ್ ಟೆಸ್ಟರ್ ನಂಬಬೇಡಿ. ನರಗಳ ಜಾಲ ಇನ್ನೂ ಪೂರ್ತಿ ಆಗಿರುವುದಿಲ್ಲ. ತಣ್ಣನೆಯ ಪರೀಕ್ಷೆ ವಾಸಿ. ಸ್ಪ್ರೇ ಇಲ್ಲದಿದ್ದರೆ ಸೂಜಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿಡಿ, ಪೆನ್ಸಿಲ್‌ನಂಥ ಐಸ್‌ಕಡ್ಡಿ ಸಿಗುತ್ತದೆ. ಮೊದಲು ಆರೋಗ್ಯವಾಗಿರುವ ಹಲ್ಲಿಗೆ ಇಟ್ಟು "ಹಿಂಗ್ ಥಣ್ಣಗ ಆದ್ರ ಕೈ ಎತ್ತು" ಎಂದು ಮಗುವಿಗೆ ಕಲಿಸಿ, ಆಮೇಲೆ ಅನುಮಾನದ ಹಲ್ಲಿಗೆ ಬನ್ನಿ. ನಡುನಡುವೆ ಐಸ್ ಇಲ್ಲದ ಬರೀ ಬೆರಳನ್ನೂ ಇಟ್ಟು ನೋಡಿ. ಡಾಕ್ಟರನ್ನು ಮೆಚ್ಚಿಸಲಿಕ್ಕೆ ಕೈ ಎತ್ತುವ ಮಕ್ಕಳು ಬಹಳ.

ಪ್ರೋಬ್ ಹಿಡಿದು ವಸಡಿನ ಸುತ್ತ ಅಳೆಯಿರಿ. ಹಿಂಬದಿಯಲ್ಲಿ ಒಂದೇ ಕಡೆ, ಸಪೂರವಾಗಿ, ತಟ್ಟನೆ ಆಳಕ್ಕೆ ಇಳಿದರೆ ಅದು ಬೇರಿನ ಮೇಲೆ ಹರಿದ ಗೀರಿರಬಹುದು. ಅದರ ಕಥೆಯೇ ಬೇರೆ, ಬರೀ ರೂಟ್ ಕೆನಾಲ್‌ನಿಂದ ವಾಸಿಯಾಗುವುದಿಲ್ಲ.

ಈಗ ದಾರಿ ಆರಿಸಬಹುದು. ತಿರುಳು ಬದುಕಿದ್ದು ತೊಂದರೆಯೇ ಇಲ್ಲದಿದ್ದರೆ ಕುಳಿಯನ್ನು ಸ್ವಚ್ಛ ಮಾಡಿ ಸೀಲ್ ಮಾಡಿ, ಅಷ್ಟೇ. ಮೂರನೇ ಬಗೆಯಲ್ಲಿ ಚೀಲ ಕೊಳೆತು ತಿರುಳು ಬದುಕಿದ್ದರೆ ಚೀಲಕ್ಕೆ ಮಾತ್ರ ಚಿಕಿತ್ಸೆ, ತಿರುಳಿನ ಗೋಡೆ ಮುಟ್ಟಬೇಡಿ. ಅದು ಬದುಕಿದ್ದರೆ ಬೇರು ತಾನೇ ಬೆಳೆಯುತ್ತದೆ. ತಿರುಳು ಸತ್ತು ತುದಿ ತೆರೆದಿದ್ದರೆ ಎರಡು ಆಯ್ಕೆ: ರಕ್ತ ಬರಿಸಿ ಹೊಸ ಅಂಗಾಂಶಕ್ಕೆ ಅವಕಾಶ ಕೊಡುವ ರೀಜನರೇಟಿವ್ ವಿಧಾನ, ಇಲ್ಲವೇ ತುದಿಗೆ ಎಂಟಿಎ ಎಂಬ ಸಿಮೆಂಟಿನ ಬಿರಡೆ. ತಿಂಗಳುಗಟ್ಟಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬದಲಾಯಿಸುತ್ತ ತುದಿ ಮುಚ್ಚಲು ಕಾಯುವ ಹಳೇ ಪದ್ಧತಿಯನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ದೀರ್ಘಕಾಲ ಆ ಔಷಧಿ ಒಳಗಿದ್ದರೆ ತೆಳು ಬೇರು ಮುರಿಯುವ ಅಪಾಯ ಹೆಚ್ಚುತ್ತದೆ. ಅಲ್ಲದೆ ನಮ್ಮ ಭಾಗದ ಕುಟುಂಬ ಅಷ್ಟೊಂದು ಬಾರಿ ಬರುವುದೂ ಇಲ್ಲ.

ಮೊದಲ ಭೇಟಿ: ಬಾಗಿಲು ತೆರೆಯುವುದು

ಮಗುವನ್ನು ತೂಕ ಮಾಡಿ. ಲಿಗ್ನೋಕೇನ್‌ನ ಮಿತಿ ಮಕ್ಕಳಿಗೆ ಕಿಲೋಗೆ 4.4 ಮಿ.ಗ್ರಾಂ. ಹುಡುಗಿಯ ತೂಕ 25 ಕಿಲೋ, ಅಂದರೆ 110 ಮಿ.ಗ್ರಾಂ. ಶೇ 2ರ ದ್ರಾವಣದ 1 ಮಿ.ಲೀ.ನಲ್ಲಿ ಸುಮಾರು 20 ಮಿ.ಗ್ರಾಂ ಇರುತ್ತದೆ. ಈ ಹಲ್ಲಿಗೆ ಒಂದೂವರೆ ಮಿ.ಲೀ. ಸಾಕು, ಮಿತಿಯಿಂದ ಬಹಳ ದೂರ ಇರುತ್ತೀರಿ. ಆದರೂ ಲೆಕ್ಕ ಹಾಕಿ ಕೇಸ್ ಪೇಪರಿನಲ್ಲಿ ಬರೆಯುವ ಅಭ್ಯಾಸ ಇರಲಿ.

ರಬ್ಬರ್ ಡ್ಯಾಮ್ (ಹಲ್ಲನ್ನು ಉಗುಳಿನಿಂದ ಬೇರ್ಪಡಿಸುವ ರಬ್ಬರ್ ಹಾಳೆ) ಇಲ್ಲದೆ ಈ ಕೆಲಸ ಇಲ್ಲ. ಮೊಳೆಯಾಕಾರದ ಹಲ್ಲಿಗೆ ಕ್ಲಾಂಪ್ ನಿಲ್ಲುವುದಿಲ್ಲ, ಜಾರುತ್ತದೆ. ಹಿಂದಿನ ಹಲ್ಲುಗಳಿಗೆ ಕ್ಲಾಂಪ್ ಹಾಕಿ, ಈ ಹಲ್ಲಿನ ಕೊರಳಿಗೆ ಫ್ಲಾಸ್ ದಾರದಿಂದ ಗಂಟು ಬಿಗಿಯಿರಿ.

ಇನ್ನು ಕೊರೆಯುವುದು. ಎಕ್ಸ್‌ರೇಯ ಮೇಲೆ ಚೀಲದ ಆಳ ಅಳೆದು ಬರ್‌ನ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿಕೊಳ್ಳಿ. ಕುಳಿಯ ಬಾಯಿಂದಲೇ ಸಣ್ಣ ಗುಂಡು ಡೈಮಂಡ್ ಬರ್‌ನಿಂದ ಒಳಗೆ ಹೋಗಿ. ಕಣ್ಣಿಗೆ ಕನಿಷ್ಠ 2.5 ಪಟ್ಟು ದೊಡ್ಡದು ಮಾಡುವ ಲೂಪ್ ಬೇಕು, ಮೈಕ್ರೋಸ್ಕೋಪ್ ಇದ್ದರೆ ಅದೃಷ್ಟ. ಒಳಗೆ ಕಾಣುವುದು ವಿಚಿತ್ರ ದೃಶ್ಯ: ನಡುವೆ ಎನಾಮಲ್‌ನ ಹೊಳೆಯುವ ಬಿಳಿ ಬಳೆ, ಅದರ ಸುತ್ತ ಡೆಂಟಿನ್‌ನ ಮಂದ ಹಳದಿ, ಅದರಾಚೆ ಅರ್ಧಚಂದ್ರದಂತೆ ತಿರುಳಿನ ಕಪ್ಪು ಸಂದು. ಮಾಮೂಲಿ ಹಲ್ಲಿನಲ್ಲಿ ತಿರುಳು ನಡುವೆ ಇರುತ್ತದೆ, ಇಲ್ಲಿ ಅದು ಅಂಚಿಗೆ ಸರಿದಿರುತ್ತದೆ. ನಾಳ ಕೆರೆಯುವ, ಸೂಜಿಯಂಥ 10ನೇ ನಂಬರ್ ಫೈಲನ್ನು ಬಳೆಯೊಳಗೆ ಇಳಿಸಿದರೆ ತಟ್ ಅಂತ ನಿಲ್ಲುತ್ತದೆ, ಗಾಜಿಗೆ ತಾಗಿದ ಸದ್ದು. ಅದು ಕುರುಡು ಚೀಲದ ತಳ. ಅದೇ ಫೈಲನ್ನು ಅರ್ಧಚಂದ್ರದೊಳಗೆ ಇಳಿಸಿದರೆ ಮೆತ್ತಗೆ ಕೆಳಗಿಳಿಯುತ್ತದೆ. ಕೈಗೆ ಸಿಗುವ ಈ ಎರಡು ಅನುಭವಗಳ ವ್ಯತ್ಯಾಸ ಕಲಿತವರು ದಾರಿ ತಪ್ಪುವುದು ಕಡಿಮೆ.

ತಿರುಳು ಸತ್ತಿರುವ ಎರಡನೇ ಬಗೆಯಲ್ಲಿ ಆ ಎನಾಮಲ್ ಚೀಲವನ್ನು ತೆಗೆದುಹಾಕಿದರೆ ಕೆಲಸ ಸಲೀಸು. ಎರಡು ಕೋಣೆ ಒಂದಾಗುತ್ತದೆ. ಸಾಮಾನ್ಯ ಫೈಲ್ ಎನಾಮಲ್ ಕೊರೆಯುವುದಿಲ್ಲ, ನಿಟಿ (ನಿಕಲ್-ಟೈಟೇನಿಯಂ) ಫೈಲ್ ಹಾಕಿ ತಿರುಗಿಸಿದರೆ ಅದೇ ಮುರಿಯುತ್ತದೆ. ಡೈಮಂಡ್ ಲೇಪದ ಅಲ್ಟ್ರಾಸಾನಿಕ್ ಟಿಪ್ ಬೇಕು. ಸ್ವಲ್ಪ ಸವೆಸಿ, ತೊಳೆದು, ನೋಡಿ, ಮತ್ತೆ ಸವೆಸಿ. ಹೊರಗೋಡೆ ತೆಳುವಿದೆ ಎಂಬುದು ಮರೆಯಬಾರದು. ಹುಡುಗಿಯ ಹಲ್ಲಿನಲ್ಲಿ ಚೀಲ ತೆಗೆಯಲು ನನಗೆ ನಲವತ್ತು ನಿಮಿಷ ಹಿಡಿಯಿತು, ನಡುವೆ ಎರಡು ಸಲ ಎಕ್ಸ್‌ರೇ ತೆಗೆದು ದಿಕ್ಕು ನೋಡಿಕೊಂಡೆ. ಕೊನೆಯ ಚೂರು ಸಡಿಲಾಗಿ ಸಕ್ಷನ್ನಿನಲ್ಲಿ ಟಕ್ ಎಂದು ಹೋದ ಸದ್ದು ಕೇಳಿ ಹುಡುಗಿ ಕಣ್ಣು ಅಗಲಿಸಿದಳು.

ತೆರೆದ ತುದಿಯಲ್ಲಿ ಅಪೆಕ್ಸ್ ಲೊಕೇಟರ್ (ನಾಳದ ಉದ್ದ ಅಳೆಯುವ ವಿದ್ಯುತ್ ಉಪಕರಣ) ತಪ್ಪು ಹೇಳುತ್ತದೆ. ಉದ್ದವನ್ನು ಎಕ್ಸ್‌ರೇಯಿಂದಲೇ ಅಳೆಯಿರಿ. ಪೇಪರ್ ಪಾಯಿಂಟ್ (ಹೀರುವ ಕಾಗದದ ಕಡ್ಡಿ) ಇಳಿಸಿ ಎಲ್ಲಿ ರಕ್ತ ತಾಗಿತು ಎಂದು ನೋಡುವ ಉಪಾಯವೂ ಜೊತೆಗಿರಲಿ.

ತೊಳೆಯುವುದು

ತೆಳು ಗೋಡೆಯ ಬೇರನ್ನು ಫೈಲ್‌ನಿಂದ ಕೆರೆಯುವುದು ಅಂದರೆ ಇದ್ದ ಗೋಡೆಯನ್ನೂ ಕಳೆಯುವುದು. ಇಲ್ಲಿ ಕೆಲಸ ಮಾಡಬೇಕಾದದ್ದು ದ್ರಾವಣ. ಮೂಲೆಮೂಲೆಯ ಕೊಳೆ ತಲುಪಲು ಬೇರೆ ದಾರಿಯೂ ಇಲ್ಲ.

ಸೋಡಿಯಂ ಹೈಪೋಕ್ಲೋರೈಟ್ ಶೇ 1.5 ಸಾಕು. ಶೇ 3ರ ಬಾಟಲಿ ಇದ್ದರೆ ಅದರ ಒಂದು ಪಾಲಿಗೆ ಒಂದು ಪಾಲು ಡಿಸ್ಟಿಲ್ಡ್ ನೀರು. 20 ಮಿ.ಲೀ. ದ್ರಾವಣವನ್ನು ಐದು ನಿಮಿಷ ಹಿಡಿದು ನಿಧಾನವಾಗಿ ಹರಿಸಿ, ನಂತರ ಅಷ್ಟೇ ಸಲೈನ್. ನಮ್ಮ ಬೇಸಿಗೆಯ ಬಗ್ಗೆ ಒಂದು ಮಾತು: ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಕರೆಂಟ್ ಹೋದರೆ ಕ್ಲಿನಿಕ್ ಒಲೆ. ಹೈಪೋಕ್ಲೋರೈಟ್ ಬಿಸಿಗೂ ಬೆಳಕಿಗೂ ಸತ್ವ ಕಳೆದುಕೊಳ್ಳುತ್ತದೆ. ಕಿಟಕಿ ಪಕ್ಕ ಎರಡು ತಿಂಗಳು ನಿಂತ ಬಾಟಲಿಯ ಲೇಬಲ್ ನಂಬಬೇಡಿ. ಸಣ್ಣ ಬಾಟಲಿ ಕೊಳ್ಳಿ, ತೆರೆದ ದಿನಾಂಕ ಬರೆಯಿರಿ, ತಂಪು ಕತ್ತಲಲ್ಲಿಡಿ, ಬೆರೆಸಿದ್ದನ್ನು ಅವತ್ತೇ ಮುಗಿಸಿ.

ಅಪಾಯ ಇರುವುದೂ ಇಲ್ಲೇ. ತುದಿ ತೆರೆದಿದೆ, ದ್ರಾವಣ ಆಚೆ ಹೋದರೆ ಅಂಗಾಂಶ ಸುಡುತ್ತದೆ. ಬದಿಯಲ್ಲಿ ತೂತಿರುವ 30 ಗೇಜ್ ಸೂಜಿ, ತುದಿಗೆ 2 ಮಿ.ಮೀ. ಮೊದಲೇ ನಿಲ್ಲುವಂತೆ ರಬ್ಬರ್ ಸ್ಟಾಪರ್. ಸೂಜಿ ಎಲ್ಲೂ ಸಿಕ್ಕಿಕೊಳ್ಳಬಾರದು, ಸದಾ ಮೇಲೆ ಕೆಳಗೆ ಆಡುತ್ತಿರಬೇಕು. ಸಿರಿಂಜನ್ನು ಹೆಬ್ಬೆರಳಿನಿಂದಲ್ಲ, ತೋರುಬೆರಳಿನಿಂದ ಒತ್ತಿ. ಹೆಬ್ಬೆರಳಿಗೆ ಬಲ ಜಾಸ್ತಿ, ಅಂದಾಜು ಕಮ್ಮಿ. ಮಗು ಒಮ್ಮೆಲೇ ಚೀರಿ ತುಟಿ, ಕೆನ್ನೆ ಊದತೊಡಗಿದರೆ ತಕ್ಷಣ ನಿಲ್ಲಿಸಿ, ಸಲೈನ್ ಹರಿಸಿ, ಮೊದಲ ದಿನ ಹೊರಗಿನಿಂದ ತಣ್ಣನೆಯ ಪಟ್ಟಿ, ನೋವಿಗೆ ಪ್ಯಾರಾಸಿಟಮಾಲ್ ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ. ಅಪ್ಪ ಅಮ್ಮನಿಗೆ ಆದದ್ದನ್ನು ಆದ ಹಾಗೇ ಹೇಳಿ. ಬಾವು ಕಣ್ಣಿನತ್ತ ಏರಿದರೆ, ನುಂಗಲು ಉಸಿರಾಡಲು ಕಷ್ಟವಾದರೆ ಆಸ್ಪತ್ರೆಗೆ ಒಯ್ಯಬೇಕು. ಕ್ಲೋರ್‌ಹೆಕ್ಸಿಡೀನನ್ನು ಹೈಪೋಕ್ಲೋರೈಟ್ ಬೆನ್ನಿಗೇ ಹಾಕಬೇಡಿ, ಕಂದು ಗಸಿ ಕೂತುಬಿಡುತ್ತದೆ.

ಒಣಗಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ, ಮೇಲೆ 3-4 ಮಿ.ಮೀ. ದಪ್ಪ ಗ್ಲಾಸ್ ಅಯೊನೊಮರ್ ಸಿಮೆಂಟ್ ಮುಚ್ಚಿ. ಟ್ರಿಪಲ್ ಆಂಟಿಬಯೊಟಿಕ್ ಪೇಸ್ಟ್ ಹಾಕುವವರಿದ್ದಾರೆ. ಅದರಲ್ಲಿನ ಮಿನೊಸೈಕ್ಲಿನ್ ಹಲ್ಲನ್ನು ಬೂದು ಮಾಡುತ್ತದೆ, ಮುಂದಿನ ಹಲ್ಲಿಗೆ ನಾನು ಹಾಕುವುದಿಲ್ಲ. ಜ್ವರ ಇಲ್ಲ, ಬಾವು ಹರಡುತ್ತಿಲ್ಲ ಅಂದಮೇಲೆ ನುಂಗುವ ಆಂಟಿಬಯೊಟಿಕ್ ಯಾಕೆ? "ಗುಳಿಗಿ ಬರೀರಿ" ಎಂದು ಮೂರು ಸಲ ಕೇಳುತ್ತಾರೆ, ಮೂರು ಸಲವೂ ಬಿಡಿಸಿ ಹೇಳಬೇಕು.

ಎರಡನೇ ಭೇಟಿ

ಒಂದರಿಂದ ನಾಲ್ಕು ವಾರದೊಳಗೆ. ಗುಳ್ಳೆ ಬತ್ತಿರಬೇಕು, ತಟ್ಟಿದರೆ ನೋವಿರಬಾರದು. ಇಲ್ಲವಾದರೆ ಮೊದಲ ಭೇಟಿಯನ್ನೇ ಮತ್ತೊಮ್ಮೆ ಮಾಡಿ. ಮತ್ತೂ ನಿಲ್ಲದಿದ್ದರೆ ಕಾಣದ ಇನ್ನೊಂದು ದಾರಿ ಇದೆ ಎಂದೇ ಲೆಕ್ಕ.

ರಕ್ತ ಬರಿಸುವ ವಿಧಾನಕ್ಕೆ ಅಡ್ರಿನಲಿನ್ ಇಲ್ಲದ ಅರಿವಳಿಕೆ ಬೇಕು, ಇಲ್ಲದಿದ್ದರೆ ರಕ್ತವೇ ಬರುವುದಿಲ್ಲ. ಶೇ 17ರ ಈಡಿಟಿಎ ದ್ರಾವಣ 20 ಮಿ.ಲೀ.ನಿಂದ ತೊಳೆದು ಒಣಗಿಸಿ. ತುದಿ ಸ್ವಲ್ಪ ಬಾಗಿಸಿದ ಕೆ-ಫೈಲನ್ನು ಬೇರಿನ ತುದಿಯಾಚೆ 2 ಮಿ.ಮೀ. ದಾಟಿಸಿ ತಿರುಗಿಸಿ. ಹುಡುಗಿಗೆ ಮೊದಲ ಎರಡು ಪ್ರಯತ್ನದಲ್ಲಿ ಪೇಪರ್ ಪಾಯಿಂಟ್ ತುದಿ ಬರೀ ಗುಲಾಬಿಯಾಯಿತು. ಮೂರನೇ ಸಲ ಲೂಪ್‌ನೊಳಗೆ ನೋಡುತ್ತಿದ್ದ ಹಾಗೇ ತಳದಲ್ಲಿ ಕಡುಗೆಂಪು ಬಿಂದುವೊಂದು ಕಂಡಿತು, ಕೊಡಕ್ಕೆ ನೀರು ತುಂಬಿದಂತೆ ಸದ್ದಿಲ್ಲದೆ ಮೇಲೇರಿತು. ವಸಡಿನ ಗೆರೆಗಿಂತ 3 ಮಿ.ಮೀ. ಕೆಳಗೆ ಸಲೈನ್‌ನಲ್ಲಿ ಅದ್ದಿದ ಹತ್ತಿ ಹಿಡಿದು ನಿಲ್ಲಿಸಿದೆ. ಹೆಪ್ಪುಗಟ್ಟಲು ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಏನನ್ನೂ ಮುಟ್ಟಬಾರದು; ಡಾಕ್ಟರಿಗೆ ಅದೇ ಕಷ್ಟ. ಆಮೇಲೆ ಹೆಪ್ಪಿನ ಮೇಲೆ ಕೊಲಾಜನ್ ಚೂರು, ಅದರ ಮೇಲೆ 3 ಮಿ.ಮೀ. ಬಯೋಡೆಂಟಿನ್ ಎಂಬ ಸಿಮೆಂಟ್. ಎಂಟಿಎಯೂ ಆಗುತ್ತದೆ, ಆದರೆ ಮುಂದಿನ ಹಲ್ಲನ್ನು ಕಪ್ಪಾಗಿಸುವ ಗುಣ ಅದಕ್ಕಿದೆ. ಬಯೋಡೆಂಟಿನ್ ಹನ್ನೆರಡು ನಿಮಿಷದ ಆಸುಪಾಸು ಗಟ್ಟಿಯಾಗುತ್ತದೆ, ಅದೇ ದಿನ ಮೇಲೆ ಕಾಂಪೊಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಕೂಡಿಸಬಹುದು.

ರಕ್ತ ಬಾರದಿದ್ದರೆ ಹಟ ಬೇಡ. ತುದಿಗೆ 4-5 ಮಿ.ಮೀ. ಎಂಟಿಎ ಬಿರಡೆ ಹಾಕಿ, ಎಕ್ಸ್‌ರೇಯಲ್ಲಿ ಖಚಿತ ಮಾಡಿಕೊಂಡು, ಒದ್ದೆ ಹತ್ತಿ ಇಟ್ಟು ಮುಚ್ಚಿ, ಇನ್ನೊಂದು ದಿನ ಉಳಿದ ಜಾಗಕ್ಕೆ ಬಿಸಿ ಗಟ್ಟಾಪರ್ಚಾ ತುಂಬಿ. ಒಳಗೆ ಡೊಂಕುಡೊಂಕಾದ ಜಾಗ, ತಣ್ಣನೆಯ ಕಡ್ಡಿಗಳಿಂದ ತುಂಬುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಮತ್ತೆ ಮತ್ತೆ ಬರುವ ಭರವಸೆ ಇಲ್ಲದ ಕುಟುಂಬಕ್ಕೆ, ಕಬ್ಬು ಕಡಿಯಲು ವರ್ಷಕ್ಕೆ ಆರು ತಿಂಗಳು ವಲಸೆ ಹೋಗುವವರ ಮಕ್ಕಳಿಗೆ ಬಿರಡೆಯೇ ಸರಿ. ರೀಜನರೇಷನ್ನಿನ ಫಲವನ್ನು ಕಾದು ನೋಡಬೇಕಾಗುತ್ತದೆ, ನೋಡುವವರೇ ಊರಲ್ಲಿ ಇಲ್ಲದಿದ್ದರೆ ಹೇಗೆ?

ಮೇಲ್ಮುಚ್ಚಳದಲ್ಲಿ ಉದಾಸೀನ ಸಲ್ಲದು. ಒಳಗೆ ಎಷ್ಟು ಚೆನ್ನಾಗಿ ಮಾಡಿದರೂ ಮೇಲಿನಿಂದ ಸೋರಿದರೆ ಎಲ್ಲ ನೀರಲ್ಲಿ ಹೋಮ. ಫ್ಲೋರೋಸಿಸ್ ಇರುವ ಹಲ್ಲಿಗೆ ಎಚಿಂಗ್ ಜೆಲ್ (ಫಿಲ್ಲಿಂಗ್ ಅಂಟಲೆಂದು ಹಚ್ಚುವ ಆಮ್ಲ) ಸ್ವಲ್ಪ ಹೆಚ್ಚು ಹೊತ್ತು ಬಿಡಿ, ಆ ಎನಾಮಲ್ ಆಮ್ಲಕ್ಕೆ ಬೇಗ ಬಗ್ಗುವುದಿಲ್ಲ.

ಒಳಕ್ಕಲ್ಲ, ಹೊರಕ್ಕೆ ಚಾಚಿದ ಮೊನೆ

ಇದರ ತದ್ವಿರುದ್ಧ ಡೆನ್ಸ್ ಇವ್ಯಾಜಿನೇಟಸ್. ಕೆಳಗಿನ ಕಿರುದವಡೆ ಹಲ್ಲಿನ ಅಗಿಯುವ ಮುಖದ ನಡುವೆ ಅಕ್ಕಿಕಾಳಿನಂಥ ಮೊನೆ, ಅದರೊಳಗೆ ತಿರುಳಿನ ಎಳೆ. ಹಲ್ಲು ಮೂಡುವುದು 10-12 ವರ್ಷಕ್ಕೆ. ಎದುರು ಹಲ್ಲು ತಾಗಿ ತಾಗಿ ಮೊನೆ ಮುರಿಯುತ್ತದೆ. ಕಡಕ್ ರೊಟ್ಟಿ ಕಡಿಯುವಾಗ ಟಕ್ ಅಂದಿತು ಎಂದು ಹೇಳುವವರೂ ಸಿಗುತ್ತಾರೆ. ಮುರಿದ ಜಾಗದಲ್ಲಿ ಹಳದಿ ಬಳೆಯ ನಡುವೆ ಒಂದು ಚುಕ್ಕೆ ಮಾತ್ರ ಉಳಿಯುತ್ತದೆ. ತಿಂಗಳುಗಳ ನಂತರ ಬಾವು ಬಂದಾಗ ಹುಳುಕಿಲ್ಲದ ಹಲ್ಲು ಕಂಡು ಎಲ್ಲರಿಗೂ ಸೋಜಿಗ.

ಮೊನೆ ಇನ್ನೂ ನೆಟ್ಟಗಿದ್ದರೆ ಪೂರ್ತಿ ಉಜ್ಜಿ ತೆಗೆಯುವ ಚಪಲ ಬೇಡ, ತಿರುಳು ಬಯಲಾಗುತ್ತದೆ. ಎದುರು ಹಲ್ಲಿನ ತಾಗುವ ಬಿಂದುವನ್ನು ಕೂದಲೆಳೆಯಷ್ಟು ಸವೆಸಿ, ಮೊನೆಯ ಸುತ್ತ ಹರಿಯುವ ಕಾಂಪೊಸಿಟ್‌ನಿಂದ ಗುಡ್ಡೆ ಕಟ್ಟಿ ಆಸರೆ ಕೊಡಿ. ಈಗಷ್ಟೇ ಮುರಿದು ತಿರುಳು ಬದುಕಿದ್ದರೆ ಮೇಲಿನ ಒಂದೆರಡು ಮಿ.ಮೀ. ತಿರುಳು ಮಾತ್ರ ತೆಗೆದು ಎಂಟಿಎ ಮುಚ್ಚಿ. ಬೇರು ಬೆಳೆಯುತ್ತಲೇ ಇರುತ್ತದೆ. ಸತ್ತಿದ್ದರೆ ಮೇಲೆ ಹೇಳಿದ ಅದೇ ದಾರಿ, ಚೀಲದ ರಗಳೆ ಒಂದಿಲ್ಲ.

ಜೋಡಿ ಹಲ್ಲು ಕಂಡರೆ ಮೊದಲು ಎಣಿಸಿ. ಜೋಡಿಯನ್ನು ಒಂದೆಂದು ಎಣಿಸಿದಾಗ ಸಾಲಿನಲ್ಲಿ ಒಂದು ಕಡಿಮೆ ಬಂದರೆ ಎರಡು ಹಲ್ಲು ಕೂಡಿಕೊಂಡದ್ದು, ಲೆಕ್ಕ ಸರಿ ಬಂದರೆ ಒಂದೇ ಹಲ್ಲು ಸೀಳಿದ್ದು. ಸೀಳಿದ್ದರಲ್ಲಿ ಸಾಮಾನ್ಯವಾಗಿ ಒಂದೇ ಬೇರು, ಒಂದೇ ನಾಳ. ದವಡೆ ಹಲ್ಲಿನ ತಿರುಳುಕೋಣೆ ಬಾವಿಯಷ್ಟು ಆಳಕ್ಕಿದ್ದರೆ ಅದು ಟಾರೊಡಾಂಟ್: ನಾಳದ ಬಾಯಿಗಳು ಬೇರಿನ ಕೆಳಭಾಗದಲ್ಲಿರುತ್ತವೆ, ಉದ್ದ ಕುತ್ತಿಗೆಯ ಬರ್ ಮತ್ತು ತಾಳ್ಮೆ ಎರಡೂ ಬೇಕು.

ಮತ್ತೆ ಬರಿಸುವುದು

ಆರು ತಿಂಗಳು, ಒಂದು ವರ್ಷ, ಎರಡು ವರ್ಷ. ಚೀಟಿಯಲ್ಲಿ ತಾರೀಖು ಬರೆದುಕೊಟ್ಟರೆ ಯಾರೂ ಬರುವುದಿಲ್ಲ ಎಂಬುದು ನನ್ನ ಅನುಭವ. ಹಬ್ಬ ಹೇಳಿದರೆ ಬರುತ್ತಾರೆ. ಕಾರಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ನಡುವೆ ಆರು ತಿಂಗಳ ಮೇಲೆ ಕೆಲವು ದಿನ. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಲೆಕ್ಕ. ಸೇಡಂ ಕಡೆಯ ಹುಡುಗಿಗೆ ಎರಡನೇ ಭೇಟಿ ಆದದ್ದು ಕಾರಹುಣ್ಣಿಮೆಯ ವಾರ. "ಎಳ್ಳಮಾಸಿಗಿ ಚರಗ ಚೆಲ್ಲಿ ಬರ್ರಿ" ಎಂದು ಕಳಿಸಿದ್ದೆ.

ಬಂದರು, ಡಬ್ಬಿಯಲ್ಲಿ ಭಜ್ಜಿ ರೊಟ್ಟಿ ಸಮೇತ. ಎಕ್ಸ್‌ರೇಯಲ್ಲಿ ಕಪ್ಪು ನೆರಳು ಅರ್ಧಕ್ಕಿಂತ ಹೆಚ್ಚು ತುಂಬಿತ್ತು, ಗುಳ್ಳೆಯ ಜಾಗದಲ್ಲಿ ಬರೀ ಒಂದು ಬಿಳಿ ಚುಕ್ಕೆ. ಬೇರು ಉದ್ದವಾಗಿರಲಿಲ್ಲ, ತುದಿಯ ಬಾಯಿ ಮಾತ್ರ ಸ್ವಲ್ಪ ಕಿರಿದಾಗಿತ್ತು. ಇಷ್ಟು ಸಿಕ್ಕರೆ ಸಾಕು, ಉದ್ದ ಬೆಳೆಯಲಿಲ್ಲ ಎಂದು ಹಲ್ಲನ್ನು ಮತ್ತೆ ತೆರೆಯಬಾರದು.

ಮೊದಲ ದಿನವೇ ಮಾಡಿದ್ದ ಇನ್ನೊಂದು ಕೆಲಸವಿತ್ತು. ಈ ವಿಕಾರ ಎಷ್ಟೋ ಸಲ ಜೋಡಿಯಾಗಿ ಇರುತ್ತದೆ. ಬಲಗಡೆಯ ಅದೇ ಹಲ್ಲಿನ ಹಿಂಬದಿಯಲ್ಲೂ ಕುಳಿ ಇತ್ತು, ತಿರುಳು ಬದುಕಿತ್ತು. ಹತ್ತು ನಿಮಿಷದಲ್ಲಿ ಸ್ವಚ್ಛ ಮಾಡಿ ಹರಿಯುವ ಕಾಂಪೊಸಿಟ್ ಹಾಕಿ ಮುಚ್ಚಿದ್ದೆ. ಎಳ್ಳಮಾವಾಸ್ಯೆಯ ಆ ಭೇಟಿಯಲ್ಲಿ ಎಡಗಡೆಗೆ ಐಸ್‌ಕಡ್ಡಿ ಇಟ್ಟರೆ ಹುಡುಗಿ ಸುಮ್ಮನೆ ಚಾವಣಿ ನೋಡುತ್ತಿದ್ದಳು. ಬಲಗಡೆಗೆ ತಾಗಿಸಿದ್ದೇ ತಡ, "ಥಣ್ಣಗ್ರಿ!" ಎಂದು ತಲೆ ಹಿಂದಕ್ಕೆ ಜಗ್ಗಿ, ಎರಡೂ ಕೈ ಎತ್ತಿದಳು.